ಕಾಂಕ್ರೀಟಿನ ಬಲಕ್ಕೆ ನೀರಿನ ಅಳತೆ

ಸಿಮೆಂಟ್, ಮರಳು, ಜಲ್ಲಿ ಮತ್ತು ನೀರು ಎಂಬ ನಾಲ್ಕು ಸಾಮಗ್ರಿಗಳಿಂದ ಮನೆಯ ತಳಪಾಯಕ್ಕೆ ಒಪ್ಪುವ ಕಾಂಕ್ರೀಟನ್ನೂ, ಅದಕ್ಕಿಂತ ಬಹಳ ಹೆಚ್ಚು ಬಲ ಬೇಡುವ ಸೇತುವೆಯ ತೊಲೆಯ ಕಾಂಕ್ರೀಟನ್ನೂ ತಯಾರಿಸಬಹುದು. ಸಾಮಗ್ರಿಗಳು ಅವೇ ಆಗಿದ್ದರೂ ಬಲ ಬದಲಾಗುವುದು ಅವುಗಳ ಪ್ರಮಾಣದಿಂದ, ಅದರಲ್ಲಿಯೂ ಸಿಮೆಂಟಿನ ತೂಕಕ್ಕೆ ಎಷ್ಟು ತೂಕದ ನೀರು ಸೇರಿತೆಂಬುದರಿಂದ. ಷಿಕಾಗೋದ ಲೂಯಿಸ್ ಇನ್‌ಸ್ಟಿಟ್ಯೂಟಿನಲ್ಲಿ ಡಫ್ ಏಬ್ರಮ್ಸ್ 1918ರಲ್ಲಿ ಪ್ರಕಟಿಸಿದ ಈ ನಿಯಮವೇ ಇಂದಿಗೂ ಮಿಶ್ರಣ ವಿನ್ಯಾಸದ ತಳಹದಿಯಾಗಿದ್ದು, ನೀರಿನ ತೂಕವನ್ನು ಸಿಮೆಂಟಿನ ತೂಕದಿಂದ ಭಾಗಿಸಿದಾಗ ಬರುವುದನ್ನು 'ನೀರು-ಸಿಮೆಂಟ್ ಅನುಪಾತ' ಎಂದು ಕರೆಯಲಾಗುತ್ತದೆ. ಸಿಮೆಂಟಿನೊಡನೆ ರಾಸಾಯನಿಕವಾಗಿ ಬೆರೆಯದೆ ಉಳಿದ ನೀರು ಕಾಲಕ್ರಮೇಣ ಆರಿಹೋಗಿ, ತಾನಿದ್ದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳನ್ನು ಬಿಡುವುದರಿಂದ, ನೀರು ಹೆಚ್ಚಿದಷ್ಟೂ ಕಾಂಕ್ರೀಟ್ ದುರ್ಬಲವಾಗುತ್ತದೆ.

ದರ್ಜೆಯೆಂದರೇನು?

ನಕ್ಷೆಗಳಲ್ಲಿ ಕಾಣುವ ಎಂ 20, ಎಂ 25, ಎಂ 40 ಎಂಬ ಗುರುತುಗಳಲ್ಲಿ 'ಎಂ' ಎಂದರೆ ಮಿಕ್ಸ್, ಅಂದರೆ ಮಿಶ್ರಣ. ಅದರ ಮುಂದಿನ ಸಂಖ್ಯೆ, 150 ಮಿ.ಮೀ. ಬದಿಯ ಘನವು 28 ದಿನಗಳ ಕ್ಯೂರಿಂಗ್‌ನ, ಅಂದರೆ ತೇವದಲ್ಲಿಟ್ಟು ಹದಗೊಳಿಸಿದ, ಬಳಿಕ ಪ್ರತಿ ಚದರ ಮಿ.ಮೀ.ಗೆ ತಾಳಬೇಕಾದ ಒತ್ತಡವನ್ನು ನ್ಯೂಟನ್‌ಗಳಲ್ಲಿ ಹೇಳುತ್ತದೆ. ಎಂ 25 ದರ್ಜೆಯ ಇಂಥ ಒಂದು ಘನ ಸುಮಾರು 57 ಟನ್ ಭಾರವನ್ನು ತಾಳಬೇಕು, ಮತ್ತು ಪರೀಕ್ಷೆಗಳ ಫಲಿತಾಂಶದಲ್ಲಿ ಶೇ 5ಕ್ಕಿಂತ ಹೆಚ್ಚಿನವು ಈ ಮಟ್ಟಕ್ಕಿಂತ ಕೆಳಗಿಳಿಯಬಾರದು.

ಮೇಸ್ತ್ರಿಗಳ ಬಾಯಲ್ಲಿ ಇಂದಿಗೂ ಉಳಿದಿರುವ 1:2:4 ಎಂಬ ಅಳತೆ, ಅಂದರೆ ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ, ಎಂ 15 ದರ್ಜೆಗೆ ಸಲ್ಲುವಂಥದ್ದು. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆಯ 1978ರ ಆವೃತ್ತಿ ಸರಳು ಹಾಕಿದ ಕಾಂಕ್ರೀಟಿಗೆ ಈ ದರ್ಜೆಯನ್ನು ಒಪ್ಪಿತ್ತಾದರೂ, 2000ದ ಆವೃತ್ತಿ ಕನಿಷ್ಠ ದರ್ಜೆಯನ್ನು ಎಂ 20ಕ್ಕೆ ಏರಿಸಿತು. ಎಂ 20ಕ್ಕೆ ರೂಢಿಯ ಅಳತೆ 1:1.5:3. ಹೀಗೆ ಸಿದ್ಧ ಪಾಲುಗಳಲ್ಲಿ ಬೆರೆಸುವುದನ್ನು 'ನಾಮಿನಲ್ ಮಿಕ್ಸ್' ಎನ್ನುತ್ತಾರೆ, ಮತ್ತು ಸಂಹಿತೆ ಇದಕ್ಕೆ ಅವಕಾಶ ಕೊಡುವುದು ಎಂ 20ರವರೆಗೆ ಮಾತ್ರ. ಮಳೆಗೆ ತೆರೆದುಕೊಂಡ ಅಥವಾ ಮಣ್ಣಿನಲ್ಲಿ ಹೂತ ಸರಳು ಕಾಂಕ್ರೀಟಿಗೆ ಅದೇ ಸಂಹಿತೆ ಕನಿಷ್ಠ ಎಂ 25ನ್ನೂ, ಕಡಲ ನೀರಿನ ತುಂತುರು ಬೀಳುವ ಕಡೆ ಎಂ 35ನ್ನೂ ಕೇಳುವುದರಿಂದ, ಸಾಮಾನ್ಯ ಮನೆಯ ತಳಪಾಯವೂ ಬಾಂಡ್ಲಿಯ ಅಳತೆಯನ್ನು ದಾಟಿ ವಿನ್ಯಾಸದ ಲೆಕ್ಕಕ್ಕೆ ಬರುತ್ತದೆ.

ಲೆಕ್ಕದ ಹೆಜ್ಜೆಗಳು

ಈ ಲೆಕ್ಕದ ಕ್ರಮವನ್ನು ಭಾರತೀಯ ಮಾನಕ ಬ್ಯೂರೋದ ಐಎಸ್ 10262 ವಿವರಿಸುತ್ತದೆ. 1982ರಲ್ಲಿ ಹೊರಬಂದ ಈ ಮಾನಕ 2009 ಮತ್ತು 2019ರಲ್ಲಿ ಪರಿಷ್ಕೃತವಾಗಿದೆ. ಮಳೆ, ಮಣ್ಣಿಗೆ ಒಡ್ಡಿಕೊಳ್ಳುವ ಎಂ 25 ಕಾಂಕ್ರೀಟನ್ನು 20 ಮಿ.ಮೀ. ಜಲ್ಲಿಯಿಂದ ಮಾಡುವುದಾದರೆ ಲೆಕ್ಕ ಹೀಗೆ ಸಾಗುತ್ತದೆ.

ಮೊದಲು ಗುರಿಬಲವನ್ನು ನಿರ್ಧರಿಸಬೇಕು. ಎಲ್ಲ ಘನಗಳೂ ಒಂದೇ ಫಲಿತಾಂಶ ಕೊಡುವುದಿಲ್ಲವಾದ್ದರಿಂದ, ಏರಿಳಿತವನ್ನು ಸೂಚಿಸುವ ಮಾನಕ ವಿಚಲನೆಯನ್ನು 1.65ರಿಂದ ಗುಣಿಸಿ ದರ್ಜೆಗೆ ಕೂಡಬೇಕು. ಎಂ 25ಕ್ಕೆ ಆರಂಭದಲ್ಲಿ ಈ ವಿಚಲನೆಯನ್ನು 4 ಎಂದು ಹಿಡಿಯುವುದರಿಂದ ಗುರಿಬಲ 31.6 ಆಗುತ್ತದೆ. ಈ ಪರಿಸರಕ್ಕೆ ಬಾಳಿಕೆಯ ದೃಷ್ಟಿಯಿಂದ ಅನುಮತಿಸಿದ ಗರಿಷ್ಠ ನೀರು-ಸಿಮೆಂಟ್ ಅನುಪಾತ 0.50 ಆಗಿದ್ದು, ಉದಾಹರಣೆಗೆ ಅದನ್ನೇ ಆರಿಸಿಕೊಳ್ಳೋಣ. ಹಸಿ ಕಾಂಕ್ರೀಟನ್ನು ಶಂಕುವಿನಾಕಾರದ ಅಚ್ಚಿನಲ್ಲಿ ತುಂಬಿ ಅಚ್ಚನ್ನೆತ್ತಿದಾಗ ಅದು ಕುಸಿಯುವ ಎತ್ತರವೇ ಸ್ಲಂಪ್. 50 ಮಿ.ಮೀ. ಸ್ಲಂಪ್‌ಗೆ ಘನ ಮೀಟರಿಗೆ 186 ಲೀಟರ್ ನೀರು ಸಾಕಾದರೆ, ಪ್ರತಿ 25 ಮಿ.ಮೀ. ಹೆಚ್ಚಳಕ್ಕೆ ಶೇ 3ರಷ್ಟು ನೀರು ಸೇರಿಸಬೇಕಾದ್ದರಿಂದ 75 ಮಿ.ಮೀ.ಗೆ ಸುಮಾರು 192 ಲೀಟರ್ ಬೇಕು. ಇದನ್ನು 0.50ರಿಂದ ಭಾಗಿಸಿದರೆ ಸಿಮೆಂಟ್ 384 ಕಿಲೊ.

ಉಳಿದ ಜಾಗ ಮರಳು ಮತ್ತು ಜಲ್ಲಿಯದು. ಸಿಮೆಂಟಿನ ಸಾಪೇಕ್ಷ ಸಾಂದ್ರತೆ 3.15 ಆಗಿರುವುದರಿಂದ ಅದು 0.122 ಘನ ಮೀಟರ್, ನೀರು 0.192, ಸಿಕ್ಕಿಕೊಂಡ ಗಾಳಿ 0.01 ಜಾಗ ಹಿಡಿದು 0.676 ಘನ ಮೀಟರ್ ಉಳಿಯುತ್ತದೆ. ಜರಡಿ ಪರೀಕ್ಷೆಯಂತೆ ಎರಡನೆಯ ವಲಯಕ್ಕೆ ಸೇರಿದ ಮರಳಾದರೆ ಇದರಲ್ಲಿ ಶೇ 62 ಜಲ್ಲಿಯ ಪಾಲು. ಜಲ್ಲಿಯ ಸಾಂದ್ರತೆ 2.70, ಮರಳಿನದು 2.65 ಎಂದಾದರೆ, ಜಲ್ಲಿ 1,132 ಕಿಲೊ, ಮರಳು 681 ಕಿಲೊ ಆಗುತ್ತದೆ. 50 ಕಿಲೊ ಸಿಮೆಂಟ್ ಮೂಟೆಯ ಲೆಕ್ಕದಲ್ಲಿ ನೀರು 25 ಲೀಟರ್. ಕಲ್ಲನ್ನು ಪುಡಿಮಾಡಿ ತಯಾರಿಸಿದ ಎಂ-ಸ್ಯಾಂಡ್ ಬಳಸುವಾಗಲೂ ಇದೇ ಕ್ರಮವಾದರೂ, ಅದರ ವಲಯ ಮತ್ತು ಸಾಂದ್ರತೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸಿಯೇ ಅಂಕಿಗಳನ್ನು ತುಂಬಬೇಕು.

ಅದೇ ಸಿಮೆಂಟ್, ಬೇರೆ ಬಲ

ಎಂ 40ಕ್ಕೆ ಗುರಿಬಲ 48.25. ನೀರನ್ನು ಹೆಚ್ಚಿಸದೆ ಮಿಶ್ರಣವನ್ನು ಸಡಿಲಗೊಳಿಸುವ ಸೂಪರ್ ಪ್ಲಾಸ್ಟಿಸೈಸರ್ ಎಂಬ ರಾಸಾಯನಿಕದಿಂದ ಶೇ 20ರಷ್ಟು ನೀರನ್ನು ಉಳಿಸಿದರೆ 192 ಲೀಟರ್ ಸುಮಾರು 154ಕ್ಕೆ ಇಳಿಯುತ್ತದೆ, ಅನುಪಾತವನ್ನು 0.40 ಎಂದಿಟ್ಟುಕೊಂಡರೆ ಬೇಕಾಗುವ ಸಿಮೆಂಟ್ ಎಂ 25ಕ್ಕೆ ಬಳಸಿದ ಅದೇ 384 ಕಿಲೊ. ಮೂಟೆಗಳ ಸಂಖ್ಯೆ ಏರದೆ ದರ್ಜೆ ಏರುವ ಈ ಸಾಧ್ಯತೆಯನ್ನು ನೋಡಿದರೆ, ಸಿಮೆಂಟ್ ಸುರಿದಷ್ಟೂ ಕಟ್ಟಡ ಗಟ್ಟಿ ಎಂಬ ನಂಬಿಕೆ ಎಷ್ಟು ಅಪೂರ್ಣವೆಂಬುದು ತಿಳಿಯುತ್ತದೆ.

ಇದರ ವಿರುದ್ಧ ದಿಕ್ಕಿನ ಅಪಾಯವೂ ಅಷ್ಟೇ ನಿಜ. ಮೇಲಿನ ಎಂ 25 ಲೆಕ್ಕದ ಮರಳಿನ ಮೇಲ್ಮೈಯಲ್ಲಿ ಶೇ 4ರಷ್ಟು ತೇವವಿದ್ದರೆ, ಮರಳಿನೊಡನೆಯೇ ಸುಮಾರು 27 ಲೀಟರ್ ನೀರು ಒಳಬರುತ್ತದೆ. ಅಷ್ಟನ್ನು ಕಳೆದು 165 ಲೀಟರ್ ಮಾತ್ರ ಸುರಿಯದಿದ್ದರೆ ಅನುಪಾತ 0.57ಕ್ಕೆ ಏರಿ, ಕಾಗದದ ಮೇಲಿನ ಎಂ 25 ಅಚ್ಚಿನೊಳಗೆ ಉಳಿಯುವುದಿಲ್ಲ. ತೇವದಿಂದ ಮರಳು ಕಾಲು ಭಾಗದಷ್ಟು ಉಬ್ಬಬಲ್ಲದಾದ್ದರಿಂದ, ತೂಕ ಬಿಟ್ಟು ಬಾಂಡ್ಲಿಯಲ್ಲಿ ಅಳೆದಾಗ ಮರಳೂ ಕಡಿಮೆ ಬೀಳುತ್ತದೆ. ಕಾಂಕ್ರೀಟ್ ಸಲೀಸಾಗಿ ಹರಿಯಲೆಂದು ಮೂಟೆಗೆ ಐದೇ ಲೀಟರ್ ಹೆಚ್ಚು ಸುರಿದರೂ ಅನುಪಾತ 0.60ಕ್ಕೆ ಮುಟ್ಟುತ್ತದೆ.

ಕಾಗದದ ಲೆಕ್ಕ ಆರಂಭ ಮಾತ್ರ. ಅನುಪಾತವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಪ್ರಯೋಗ ಮಿಶ್ರಣಗಳನ್ನು ತಯಾರಿಸಿ, 28ನೇ ದಿನ ಘನಗಳನ್ನು ಒಡೆದು ನೋಡಿದ ಮೇಲೆಯೇ ಅಂತಿಮ ಪ್ರಮಾಣ ಸಿದ್ಧವಾಗುತ್ತದೆ. ದೊಡ್ಡ ಯೋಜನೆಗಳಲ್ಲಿ ರೂಢಿಯಾಗಿರುವ ಈ ಶಿಸ್ತು ಸಾಲ ಮಾಡಿ ಕಟ್ಟುವ ಸಾಮಾನ್ಯ ಮನೆಗೂ ಸಲ್ಲಬೇಕು. ಮನೆ ಕಟ್ಟಿಸುವವರು ಎಂಜಿನಿಯರರಿಂದ ಮೂರು ಸಂಗತಿಗಳನ್ನು ಬರಹದಲ್ಲಿ ಕೇಳಿ ಪಡೆಯಲಿ: ಕಾಂಕ್ರೀಟಿನ ದರ್ಜೆ, ಮೂಟೆಗೆ ಸೇರಿಸಬೇಕಾದ ನೀರಿನ ಲೀಟರ್, ಮತ್ತು ಘನ ಪರೀಕ್ಷೆಯ ಫಲಿತಾಂಶ.