ಕಾಲಿನ ಉಬ್ಬಿದ ರಕ್ತನಾಳ: ಚರ್ಮ ಕಪ್ಪಾಗುವ ಮೊದಲೇ ಎಚ್ಚರ ವಹಿಸಿ

ಮೈಲಾರ, ಹೂವಿನಹಡಗಲಿ, ಹರಪನಹಳ್ಳಿ, ಕೊಟ್ಟೂರು ಕಡೆಯ ಬಟ್ಟೆ ಮತ್ತು ಕಿರಾಣಿ ಅಂಗಡಿಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ವ್ಯಾಪಾರ ಮಾಡುವವರಿದ್ದಾರೆ. ಮನೆಯ ಅಡುಗೆ, ಮುನಿಸಂಘ ಬಂದಾಗ ಆಹಾರದಾನದ ಸಿದ್ಧತೆ ಎಂದು ಶ್ರಾವಿಕೆಯರೂ ತಾಸುಗಟ್ಟಲೆ ನಿಲ್ಲುತ್ತಾರೆ. ಸಂಜೆ ಕಾಲು ಭಾರ, ಮೀನಖಂಡದಲ್ಲಿ ಸೆಳೆತ, ಚರ್ಮದಡಿಯಲ್ಲಿ ಸುತ್ತಿಕೊಂಡ ನೀಲಿ ಗಂಟುಗಳು ಕಂಡಾಗ ‘ನರ ಉಬ್ಬಿದೆ’ ಎನ್ನುವುದು ವಾಡಿಕೆ. ಆದರೆ ಅದು ನರವಲ್ಲ, ರಕ್ತನಾಳ. ವೈದ್ಯರು ಇದನ್ನು ‘ವೆರಿಕೋಸ್ ವೇನ್ಸ್’ ಎನ್ನುತ್ತಾರೆ.

ಏಕೆ ಉಬ್ಬುತ್ತದೆ?

ಪಾದಕ್ಕೆ ಇಳಿದ ರಕ್ತ ಮತ್ತೆ ಹೃದಯಕ್ಕೆ ಏರಬೇಕು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಏರಿದ ರಕ್ತ ಕೆಳಗೆ ಜಾರದಂತೆ ಅಭಿಧಮನಿಯೊಳಗಿನ ಪುಟ್ಟ ಕವಾಟಗಳು ತಡೆಯುತ್ತವೆ. ಕವಾಟ ಸಡಿಲವಾದರೆ ರಕ್ತ ಕೆಳಗೇ ನಿಂತು ನಾಳ ಹಿಗ್ಗುತ್ತದೆ. ಅನುವಂಶೀಯತೆ, ವಯಸ್ಸು, ಗರ್ಭಧಾರಣೆ, ಬೊಜ್ಜು ಮತ್ತು ದೀರ್ಘಕಾಲ ನಿಲ್ಲುವುದು ಇದಕ್ಕೆ ಮುಖ್ಯ ಕಾರಣಗಳು. ಮುನಿಗಳ ವಿಹಾರದಂತೆ ನಡೆಯುವುದು ರಕ್ತ ಮೇಲೇರಲು ನೆರವಾಗುತ್ತದೆ; ಅಲುಗದೆ ನಿಲ್ಲುವುದೇ ಕಾಲಿಗೆ ಭಾರ.

ಯಾವುದು ಸೌಮ್ಯ, ಯಾವುದು ಅಪಾಯ?

1 ಮಿ.ಮೀ.ಗಿಂತ ಸಣ್ಣದಾದ, ಜೇಡರ ಬಲೆಯಂಥ ಕೆಂಪು-ನೀಲಿ ಗೆರೆಗಳು ಬಹುಪಾಲು ನೋಟದ ವಿಷಯ ಮಾತ್ರ. 3 ಮಿ.ಮೀ. ಅಥವಾ ಅದಕ್ಕಿಂತ ದಪ್ಪವಾಗಿ ಉಬ್ಬಿದ್ದರೆ ಅದು ವೆರಿಕೋಸ್ ವೇನ್. ಪಾದದ ಗಂಟಿನ ಒಳಬದಿಯ ಚರ್ಮ ಕಪ್ಪಾಗಿ, ಗಟ್ಟಿಯಾಗಿ, ತುರಿಕೆ ಬಂದರೆ ತಡಮಾಡಬಾರದು. ಮುಂದಿನ ಹಂತವೇ ಬೇಗ ಮಾಯದ ಹುಣ್ಣು.

ಇಂಥ ಹುಣ್ಣಿಗೆ ತಿಂಗಳುಗಟ್ಟಲೆ ಬರೀ ಮುಲಾಮು ಹಚ್ಚುತ್ತಾ ಕೂರುವುದು ದೊಡ್ಡ ತಪ್ಪು. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರಿಗೂ ಬಿಗಿ ಪಟ್ಟಿ ಕಟ್ಟಲಾಗಿತ್ತು. ಕೆಟ್ಟ ರಕ್ತನಾಳಕ್ಕೂ ಬೇಗನೆ ಚಿಕಿತ್ಸೆ ಪಡೆದವರಲ್ಲಿ ಹುಣ್ಣು ಮಾಯಲು ಹಿಡಿದ ಮಧ್ಯಮ ಅವಧಿ 56 ದಿನ. ಆ ಚಿಕಿತ್ಸೆ ತಡವಾದವರಲ್ಲಿ 82 ದಿನ.

ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಕೂಡಲೇ ಮಲಗಿಸಿ, ಕಾಲು ಮೇಲೆತ್ತಿ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವಾದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರಾಟದ ತೊಂದರೆಯೂ ಬಂದರೆ ಅದು ಪ್ರಾಣಾಪಾಯದ ಸೂಚನೆ.

ಚಿಕಿತ್ಸೆ ಏನು?

ಮೊದಲು ಡಾಪ್ಲರ್ ಸ್ಕ್ಯಾನ್ ಮಾಡಿ ಯಾವ ಕವಾಟ ಕೆಟ್ಟಿದೆ ಎಂದು ನೋಡುತ್ತಾರೆ. ತೊಂದರೆ ಕಡಿಮೆಯಿದ್ದರೆ ನಡಿಗೆ, ತೂಕ ಇಳಿಕೆ, ಕಾಲನ್ನು ಹೃದಯದ ಮಟ್ಟಕ್ಕಿಂತ ಎತ್ತರಿಸಿ ಮಲಗುವುದು ಮತ್ತು ಬಿಗಿ ಕಾಲುಚೀಲದಿಂದ ಆರಾಮ ಸಿಗುತ್ತದೆ. ಆದರೆ ಸಕ್ಕರೆ ಕಾಯಿಲೆ ಇರುವವರು, ಪಾದಕ್ಕೆ ರಕ್ತ ಸರಿಯಾಗಿ ಹರಿಯದವರು ವೈದ್ಯರನ್ನು ಕೇಳದೆ ಕಾಲುಚೀಲ ಧರಿಸಬಾರದು. ಇವು ಕೆಟ್ಟ ಕವಾಟವನ್ನು ಸರಿಪಡಿಸುವುದಿಲ್ಲ. ಅದಕ್ಕೆ ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ನಾಳವನ್ನು ಒಳಗಿನಿಂದಲೇ ಮುಚ್ಚುವ ವಿಧಾನ, ನೊರೆಯಂಥ ಔಷಧದ ಚುಚ್ಚುಮದ್ದು, ಶಸ್ತ್ರಚಿಕಿತ್ಸೆಗಳಿವೆ. ಲೇಸರ್ ಚಿಕಿತ್ಸೆಯಾದವರು ಸಾಮಾನ್ಯವಾಗಿ ಅದೇ ದಿನ ನಡೆಯುತ್ತಾರೆ. ಮುಚ್ಚಿದ ನಾಳದ ರಕ್ತ ಬೇರೆ ನಾಳಗಳಲ್ಲಿ ಹರಿಯುತ್ತದೆ. ಕೆಲವರಿಗೆ ವರ್ಷಗಳ ನಂತರ ಬೇರೆ ನಾಳ ಉಬ್ಬುವುದೂ ಉಂಟು.

ಅಹಿಂಸೆಯ ಪ್ರಶ್ನೆಗಳು

ರಾಷ್ಟ್ರಕೂಟರ ಕಾಲದ ಜೈನ ವೈದ್ಯಾಚಾರ್ಯ ಉಗ್ರಾದಿತ್ಯರು ‘ಕಲ್ಯಾಣಕಾರಕ’ದಲ್ಲಿ ಮಾಂಸವಿಲ್ಲದ ಚಿಕಿತ್ಸೆಯನ್ನು ಪ್ರತಿಪಾದಿಸಿದರು. ಈ ರೋಗದಲ್ಲೂ ಜಿಗಣೆ ಹಚ್ಚಿಸುವುದಾಗಲಿ, ಹುಣ್ಣಿಗೆ ಜೇನು ಸವರುವುದಾಗಲಿ ಅನಿವಾರ್ಯವಲ್ಲ. ನೊರೆ ಚಿಕಿತ್ಸೆಗೆ ಬಳಸುವ ಪಾಲಿಡೋಕನಾಲ್ ಕೃತಕ ರಾಸಾಯನಿಕ. ಹೆಪ್ಪು ತಡೆಯಲು ಕೊಡುವ ಹೆಪಾರಿನ್ ಮಾತ್ರ ಸಾಮಾನ್ಯವಾಗಿ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಫೊಂಡಾಪರಿನಕ್ಸ್ ಎಂಬ ಕೃತಕ ಔಷಧವೂ ಇರುವುದರಿಂದ ತಮ್ಮ ವ್ರತನಿಯಮವನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ತುರ್ತಿನಲ್ಲಿ ಆರಂಭಿಸಿದ ಔಷಧವನ್ನು ತಾವಾಗಿ ನಿಲ್ಲಿಸಬಾರದು. ಹಿಂದೆ ಹೆಪ್ಪುಗಟ್ಟಿದ್ದವರು ದೀರ್ಘ ನಿರ್ಜಲ ಉಪವಾಸಕ್ಕೆ ಮುನ್ನ ವೈದ್ಯರ ಸಲಹೆ ಪಡೆಯಬೇಕು.

ದಿಗಂಬರ ಮುನಿಗಳಿಗೆ ಕಾಲುಚೀಲ ಸಾಧ್ಯವಿಲ್ಲ. ಸಂಘದ ಸೇವೆಯಲ್ಲಿರುವ ಶ್ರಾವಕರು ಅವರ ಪಾದದ ಊತ, ಚರ್ಮದ ಬಣ್ಣವನ್ನು ಗಮನಿಸುತ್ತಿದ್ದು, ಬದಲಾವಣೆ ಕಂಡರೆ ವೈದ್ಯರಿಗೆ ತಿಳಿಸುವುದೂ ವೈಯಾವೃತ್ತ್ಯವೇ.

ಎಲ್ಲಿಗೆ ಹೋಗಬೇಕು?

ಮೊದಲ ತಪಾಸಣೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಲಿ. ಹೆಚ್ಚಿನ ಚಿಕಿತ್ಸೆಗೆ ದಾವಣಗೆರೆ, ಬಳ್ಳಾರಿ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಿವೆ. ಬೆಂಗಳೂರಿನ ವಸಂತನಗರದ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆ ರಕ್ತನಾಳ ಚಿಕಿತ್ಸೆಗೆ ಹೆಸರಾಗಿದೆ. ಅಲ್ಲಿಯವರೆಗೆ ಅಂಗಡಿಯಲ್ಲಿ ನಿಂತಿರುವಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸಿ, ಅರ್ಧ ತಾಸಿಗೊಮ್ಮೆ ನಾಲ್ಕು ಹೆಜ್ಜೆ ನಡೆಯಿರಿ.