ಆರೈಕೆ ಮಾಡುವವರಿಗೂ ಆರೈಕೆ ಬೇಕು

‘ಡ್ರಿಪ್ ಖಾಲಿಯಾದರೂ ಸಿಸ್ಟರ್ ಬರಲಿಲ್ಲ. ಕರೆದರೆ ರೇಗಿದರು, ಹಕೀಮ್ ಸಾಹೇಬರೇ’ ಎಂದು ಬೂದಿಕೋಟೆಯ ಯುವಕನೊಬ್ಬ ತಾಯಿಯ ಆಸ್ಪತ್ರೆವಾಸದ ಬಗ್ಗೆ ದೂರಿದ. ‘ಆ ರಾತ್ರಿ ವಾರ್ಡಿನಲ್ಲಿ ಎಷ್ಟು ರೋಗಿಗಳಿದ್ದರು?’ ಎಂದೆ. ‘ಇಪ್ಪತ್ತೆಂಟು. ಸಿಸ್ಟರ್ ಒಬ್ಬರೇ.’

ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಹೊರೆ ಮಿತಿಮೀರಿದರೆ ದೇಹ ಸೋಲುತ್ತದೆ, ಮನಸ್ಸು ಮರಗಟ್ಟುತ್ತದೆ, ಕೈ ತಪ್ಪುತ್ತದೆ. ಇದೇ ಬರ್ನ್‌ಔಟ್. 2002ರಲ್ಲಿ ಪ್ರಕಟವಾದ ಅಮೆರಿಕದ ಪೆನ್ಸಿಲ್ವೇನಿಯಾದ ಅಧ್ಯಯನದಲ್ಲಿ, ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು, ನರ್ಸ್‌ಗಳ ಬರ್ನ್‌ಔಟ್ ಸಂಭವ ಶೇ. 23ರಷ್ಟು ಹೆಚ್ಚಿತ್ತು.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಅಂಶಗಳಿವೆ. ನಿದ್ದೆ-ಎಚ್ಚರ, ದೇಹದ ಶ್ರಮ-ವಿಶ್ರಾಂತಿ, ಮನಸ್ಸಿನ ಚಲನೆ-ವಿಶ್ರಾಂತಿ ಅವುಗಳಲ್ಲಿ ಮೂರು. ಸತತ ರಾತ್ರಿಪಾಳಿ ಈ ಮೂರನ್ನೂ ಕೆಡಿಸುತ್ತದೆ.

ಹಾಗೆಂದು ರೋಗಿ ಸುಮ್ಮನೆ ಸಹಿಸಬೇಕಿಲ್ಲ. ಸಿಬ್ಬಂದಿ ಕೊರತೆಯ ಬಗ್ಗೆ ಆಸ್ಪತ್ರೆಯ ಮುಖ್ಯಸ್ಥರಿಗೆ ಲಿಖಿತ ದೂರು ಕೊಡಿ. ನರ್ಸ್ ಮೇಲೆ ಕೂಗಾಡಬೇಡಿ. ರೋಗಿಯ ಬಳಿ ಒಬ್ಬರೇ ಇರಿ. ಡ್ರಿಪ್ ಮುಗಿಯುವ ಮೊದಲೇ ತಿಳಿಸಿ, ನೀವೇ ಮುಟ್ಟಬೇಡಿ.

ನಮ್ಮ ಮನೆಗಳ ಹೆಣ್ಣುಮಕ್ಕಳೂ ನರ್ಸ್‌ಗಳಾಗುತ್ತಿದ್ದಾರೆ. ರಾತ್ರಿಪಾಳಿ ಮುಗಿಸಿ ಬಂದ ಮಗಳನ್ನೋ ಸೊಸೆಯನ್ನೋ ನೇರ ಅಡುಗೆಮನೆಗೆ ಕಳಿಸದೆ ಮಲಗಲು ಬಿಡಿ. ಪ್ರವಾದಿವರ್ಯರ(ಸ) ಕಾಲದಲ್ಲಿ ಗಾಯಾಳುಗಳನ್ನು ಉಪಚರಿಸಿದ ರುಫೈದಾರ(ರ) ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರ ದಾರಿಯಲ್ಲಿ ನಡೆಯುವವರಿಗೆ ಆರು ಗಂಟೆ ನಿದ್ದೆಯನ್ನಾದರೂ ಕೊಡೋಣ.