ಜೂ ನೋಡಿ ಬಂದವರಿಗೆ ಗಿಣಿ ಸಾಕುವ ಆಸೆ

ಅಂಬಾಜಿದುರ್ಗದ ಸುತ್ತಲ ಊರುಗಳಿಂದ ಕಡಲೂರು ಮಂಗಳೂರಿಗೆ ಟೂರು ಹೊರಟರೆ ಪಿಲಿಕುಳ ನೋಡದೆ ಬರಲು ಮಕ್ಕಳು ಬಿಡುವುದಿಲ್ಲ. ತುಳುವಿನಲ್ಲಿ ‘ಪಿಲಿ’ ಅಂದರೆ ಹುಲಿ. ಡಾ. ಶಿವರಾಮ ಕಾರಂತರ ಹೆಸರಿನ ಆ ನಿಸರ್ಗಧಾಮದಲ್ಲಿ ಹುಲಿ, ಚಿರತೆ, ಕಾಳಿಂಗ ಸರ್ಪ, ಬಲೆಯೊಳಗೆ ಬಣ್ಣಬಣ್ಣದ ಹಕ್ಕಿ ಎಲ್ಲಾ ಉಂಟು. ನೋಡಿ ಬಂದ ಮೇಲೆ ಮನೆಯಲ್ಲಿ ಶುರು: ‘ನಮಗೂ ಒಂದು ಗಿಣಿ ಬೇಕು!’

ಆದರೆ ಜೂ ಅನ್ನೋದು ಬೇಲಿ ಹಾಕಿ ಟಿಕೆಟ್ ಹರಿದ ಮಾತ್ರಕ್ಕೆ ಆಗುವುದಿಲ್ಲ. 1992ರಲ್ಲಿ ಸ್ಥಾಪನೆಯಾದ ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. ಪ್ರಾಣಿಗೆ ಜಾಗ, ನೆರಳು, ಡಾಕ್ಟರು ಬೇಕು. ಜೂಗಳು ಪ್ರಾಣಿಗಳನ್ನು ಹೆಚ್ಚಾಗಿ ತಮ್ಮತಮ್ಮಲ್ಲೇ ವಿನಿಮಯ ಮಾಡಿಕೊಳ್ಳುತ್ತವೆ. 2021ರಲ್ಲಿ ಮೈಸೂರಿಗೆ ಎರಡು ಗೊರಿಲ್ಲಾ ಬಂದದ್ದು ಜರ್ಮನಿಯ ಮೃಗಾಲಯದಿಂದ.

ಇನ್ನು ನಮ್ಮ ಪಂಜರದ ವಿಚಾರ. ಅಂಗಡಿ ಮುಂದೆ ನೇತುಹಾಕಿದ ಹಸಿರು ಗಿಣಿ ಕಂಡರೆ ಗಿರಾಕಿಗಳಿಗೆ ಖುಷಿ, ನಿಜ. ‘ನಮ್ಮ ತೋಟದ್ದೇ ರೀ, ಕದ್ದದ್ದಲ್ಲ’ ಅನ್ನೋರೂ ಉಂಟು. ಆದರೆ ಕಾನೂನು ಕೇಳುವುದೇ ಬೇರೆ. ವನ್ಯಜೀವಿ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯಿಂದ ಈ ನೆಲದ ಕಾಡುಹಕ್ಕಿಯನ್ನು ಹಿಡಿಯುವುದೂ ಮಾರುವುದೂ ಅಪರಾಧ. ತೋಟದ ಗಿಣಿಯೂ ಅದರಲ್ಲೇ ಸೇರಿತು. ಸಂತೆಯ ಗಿಣಿಶಾಸ್ತ್ರದವನ ಗಿಣಿಗೂ ವಿನಾಯಿತಿ ಇಲ್ಲ. ಸಿಕ್ಕಿಬಿದ್ದರೆ ದಂಡ, ಜೈಲು ಎರಡೂ ಆಗಬಹುದು.

ಹಾಗಾದರೆ ಫಾರಿನ್ ಹಕ್ಕಿ? ಅಲ್ಲೂ ಎರಡು ಬಗೆ. ಆಸ್ಟ್ರೇಲಿಯಾ ಮೂಲದ ಬಜ್ಜಿ, ಕಾಕಟೀಲ್‌ಗಳಿಗೆ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿಲ್ಲ. ಮಕಾವ್, ಆಫ್ರಿಕಾದ ಬೂದು ಗಿಣಿ ಹಾಗಲ್ಲ. ಅವು ಆ ಕಟ್ಟುಪಾಡಿನ ಪಟ್ಟಿಯಲ್ಲಿವೆ. ಅವನ್ನು ಸಾಕುವವರು ಕೇಂದ್ರದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು ಎಂದು 2024ರಲ್ಲಿ ನಿಯಮ ಬಂದಿದೆ. ಮರಿ ಹಾಕಿದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ಸಾವಿರಾರು ರೂಪಾಯಿ ಸುರಿಯುವವರು ಹಕ್ಕಿಯ ಬಣ್ಣ ನೋಡುವ ಮೊದಲು ಕಾಗದ ಕೇಳುವುದು ಒಳ್ಳೆಯದು. ಕಾಗದ ಇಲ್ಲ ಅಂದರೆ ದುಡ್ಡು ಬಿಚ್ಚಬೇಡಿ.

ಹಸಿರು ಗಿಣಿ ಈಗಾಗಲೇ ಪಂಜರದಲ್ಲಿದ್ದರೆ? ಬಾಗಿಲು ತೆಗೆದು ಸುಮ್ಮನೆ ಹಾರಿಬಿಡುವುದೂ ಸರಿಯಲ್ಲ. ಸಾಕಿದ ಗಿಣಿಗೆ ಮೇವು ಹುಡುಕಲು ಬಾರದು, ಕಾಗೆ ಬೆಕ್ಕಿನ ಪಾಲಾಗುತ್ತದೆ. ಅರಣ್ಯ ಇಲಾಖೆಗೆ ಒಪ್ಪಿಸುವುದೇ ಮೇಲು.

ಇಷ್ಟೆಲ್ಲಾ ತಾಪತ್ರಯ ಬೇಡ ಅನ್ನುವವರು ಅಂಗಡಿ ಮುಂದೆ ಒಂದು ತಟ್ಟೆ ನೀರು, ಒಂದು ಹಿಡಿ ಜೋಳ ಇಡಲಿ. ಬೇಕಾದ ಹಕ್ಕಿ ತಾನೇ ಬಂದು ಹೋಗುತ್ತದೆ.